ಎಲ್ಲ ಪುಟಗಳನ್ನೂ ಮುಖಪುಟಕ್ಕೆ ತಿರುಗಿಸಬೇಡಿ

ವೆಬ್‌ಸೈಟಿನ ಡೊಮೇನ್ (ಹೆಸರು) ಬದಲಿಸುವಾಗ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ) ಹಾಕಿದರೆ ಸಾಕು ಅಂತ ಲೇಖನದಲ್ಲಿ ಬರೆದಿದ್ದೀರಿ. ಮಾತು ಸರಿ. ಆದರೆ ಎಲ್ಲಿಂದ ಎಲ್ಲಿಗೆ ಅನ್ನೋದೇ ಮುಖ್ಯ ಅಲ್ವಾ?

ಮಲ್ಪೆಯಲ್ಲಿ ನಮ್ಮ ಅಕ್ಕನ ಹೋಂಸ್ಟೇ ಇದೆ. ಅದರ ವೆಬ್‌ಸೈಟನ್ನು ಹೊಸ ಹೆಸರಿಗೆ ಬದಲಿಸಿದಾಗ, ಕೆಲಸ ಮಾಡಿಕೊಟ್ಟವರು ಹಳೆಯ ಪುಟಗಳನ್ನೆಲ್ಲ ಹೊಸ ಮುಖಪುಟಕ್ಕೇ ತಿರುಗಿಸಿಬಿಟ್ಟರು. ಸೇಂಟ್ ಮೇರೀಸ್ ದ್ವೀಪದ ಬೋಟ್ ಬಗ್ಗೆ ಅಕ್ಕ ಬರೆದಿದ್ದ ಪುಟಕ್ಕೇ ಜಾಸ್ತಿ ಜನ ಬರುತ್ತಿದ್ದರು. ಆಗ ಅದರ ಲಿಂಕ್ ಒತ್ತಿದರೆ ಮುಖಪುಟದ ರೂಮಿನ ಫೋಟೋ! ಇಂಥದ್ದನ್ನು ಗೂಗಲ್ 'ಸಾಫ್ಟ್ 404' ಅಂತ ಎಣಿಸಬಹುದು, ಅಂದರೆ ಪುಟವೇ ಇಲ್ಲ ಅಂದ ಹಾಗೆ. ಕೆಲವೇ ವಾರದಲ್ಲಿ ಆ ಪುಟ ಹುಡುಕಿದರೂ ಸಿಗದ ಹಾಗಾಯಿತು.

ಆಮೇಲೆ ನಾನೇ ಕೂತು ಒಂದೊಂದು ಹಳೆಯ ವಿಳಾಸದ ಪಕ್ಕ ಅದರದೇ ಹೊಸ ವಿಳಾಸ ಬರೆದೆ. ಒಂದು ಎಕ್ಸೆಲ್ ಶೀಟ್, ಎರಡು ಕಾಲಂ, ಅಷ್ಟೇ. ಅದರ ಪ್ರಕಾರ ರೀಡೈರೆಕ್ಟ್ ಹಾಕಿ, ಒಳಗಿನ ಲಿಂಕ್, ಕ್ಯಾನೊನಿಕಲ್ ಟ್ಯಾಗ್ (ಪುಟದ ಅಸಲಿ ವಿಳಾಸ ಯಾವುದು ಅಂತ ಗೂಗಲ್‌ಗೆ ಹೇಳುವ ಗುರುತು), ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ) ಎಲ್ಲ ಸರಿ ಮಾಡಿ, ಸೈಟಿನ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ 'ಚೇಂಜ್ ಆಫ್ ಅಡ್ರೆಸ್' (ವಿಳಾಸ ಬದಲಾಗಿದೆ ಅನ್ನೋ ಸೂಚನೆ) ಕೊಟ್ಟೆವು. ಅದಕ್ಕೆ ಎರಡೂ ಡೊಮೇನ್ ಒಂದೇ ಗೂಗಲ್ ಖಾತೆಯಲ್ಲಿ ಇರಬೇಕು, ನೆನಪಿರಲಿ.

ಹಳೆಯ ಡೊಮೇನಿಗೆ ದುಡ್ಡು ಕಟ್ಟೋದನ್ನು ದಯವಿಟ್ಟು ನಿಲ್ಲಿಸಬೇಡಿ. ರೀಡೈರೆಕ್ಟ್ ಕಡಿಮೆ ಅಂದರೂ 1 ವರ್ಷ ಇರಲಿ ಅಂತ ಗೂಗಲ್ಲೇ ಹೇಳುತ್ತದೆ.

ನಮ್ಮೂರ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ದ್ವೀಪದ ಬೋಟ್ ನಿಂತಿರುತ್ತದೆ, ಪ್ರವಾಸಿಗಳೂ ಕಡಿಮೆ. ಇಂಥ ಕೆಲಸಕ್ಕೆ ಅದೇ ಒಳ್ಳೆಯ ಸಮಯ. ನಾವು ಡಿಸೆಂಬರ್‌ನಲ್ಲಿ ಕೈ ಹಾಕಿದೆವು. ಅಕ್ಕನ ಆ ಸೀಸನ್ ಪೂರ್ತಿ ಹೋಯಿತು.