ಹೋಗದ ಆಲೆಮನೆಯ ವರದಿ

ಚಾಟ್‌ಜಿಪಿಟಿ ಬಳಸಿದ ವಿದ್ಯಾರ್ಥಿಯೆಲ್ಲ ಕಳ್ಳ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ಮಂಡ್ಯದ ಹಳ್ಳಿಯಿಂದ ಕನ್ನಡ ಮಾಧ್ಯಮದಲ್ಲೇ ಓದಿ ಬಂದ ಹುಡುಗಿಯ ಕೈಗೆ ಎಂಎ ಮೊದಲ ವಾರವೇ ಉದ್ದದ ಇಂಗ್ಲಿಷ್ ಲೇಖನ ಕೊಟ್ಟರೆ ಅವಳೇನು ಮಾಡಬೇಕು? ಮನೆಯಲ್ಲಿ ಓದಿದವರಿದ್ದರೆ ಅವರನ್ನು ಕೇಳ್ತಾಳೆ. ಇಲ್ಲದಿದ್ದರೆ ಫೋನನ್ನು ಕೇಳ್ತಾಳೆ, "ಇದನ್ನ ಕನ್ನಡದಲ್ಲಿ ಬಿಡಿಸಿ ಹೇಳು" ಅಂತ. ಕೇಳಲಿ ಬಿಡಿ.

ನನ್ನ ಹೊಟ್ಟೆ ಉರಿಯೋದು ಬೇರೆ ಕಡೆ. ಆಲೆಮನೆ ಕೂಲಿಕಾರರ ಮೇಲೆ ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟ್ ನನ್ನ ಕೈಗೆ ಬಂತು. ಪ್ರಶ್ನಾವಳಿ, ಕೋಷ್ಟಕ, ಬಣ್ಣಬಣ್ಣದ ಗ್ರಾಫ್ ಎಲ್ಲ ಇದೆ. "ಹೆಚ್ಚಿನ ಕಾರ್ಮಿಕರು ಕೂಲಿಯ ಬಗ್ಗೆ ತೃಪ್ತಿ ವ್ಯಕ್ತಪಡಿಸಿದ್ದಾರೆ" ಅನ್ನೋ ತೀರ್ಮಾನವೂ ಇದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಅವನನ್ನು ಕೇಳಿದೆ: "ಗಾಣಕ್ಕೆ ಕೊಟ್ಟ ಮೇಲೆ ಕಬ್ಬಿನ ಸಿಪ್ಪೆ ಏನು ಮಾಡ್ತಾರಪ್ಪ?"

"ಬಿಸಾಕ್ತಾರೆ ಸಾರ್."

ಅದನ್ನೇ ಒಣಗಿಸಿ ಕೊಪ್ಪರಿಗೆ ಕೆಳಗಿನ ಒಲೆಗೆ ತುಂಬ್ತಾರೆ. ಆಲೆಮನೆ ಮುಂದೆ ಹತ್ತು ನಿಮಿಷ ನಿಂತರೂ ಕಾಣುತ್ತೆ. ಅವನು ಹೋಗೇ ಇಲ್ಲ. ಉತ್ತರ ಕೊಟ್ಟವರೆಲ್ಲ ಎಐ ಹುಟ್ಟಿಸಿದ ಜನ. ಪಾಕದ ಹಬೆಯಲ್ಲಿ ನಿಂತು ದುಡಿಯೋ ಮನುಷ್ಯನ ಬಾಯಿಗೆ ಅವನು ಆಡದ ಮಾತು ತುರುಕಿದ್ದು ಇದು. ನಾಳೆ ಯಾರೋ ಇದನ್ನೇ ಉಲ್ಲೇಖಿಸಿ, ಕೂಲಿ ಸಾಕಷ್ಟಿದೆ ಅಂತ ಬರೆದರೆ?

ಸಾಫ್ಟ್‌ವೇರ್ ಹಿಡಿಯುತ್ತೆ ಅಂತ ಕೂತವರಿಗೆ ಒಂದು ಮಾತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ಕೃತಿಚೌರ್ಯ ನಿಯಮ ಶೇ 10ರವರೆಗಿನ ಹೋಲಿಕೆಗೆ ದಂಡ ಹಾಕೋದಿಲ್ಲ. ಅದು ಇನ್ನೊಬ್ಬರ ಬರಹದ ಜೊತೆಗಿನ ಹೋಲಿಕೆ. ಹೊಸದಾಗಿ ಹೆಣೆದ ಸುಳ್ಳು ಅಲ್ಲಿ ಸಲೀಸಾಗಿ ಪಾಸಾಗುತ್ತೆ. ಇನ್ನು ಎಐ ಬರಹ ಪತ್ತೆ ಮಾಡೋ ಸಾಧನಗಳು: ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತಾನು ಮಾಡಿದ ಅಂಥ ಸಾಧನವನ್ನು ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ವಾಪಸ್ ತಗೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಥ ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಸ್ವಂತ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಯಂತ್ರದ್ದು ಅಂದುಬಿಟ್ಟಿದ್ದವು. ಅಂದರೆ ಒದ್ದಾಡಿ ಸರಳ ಇಂಗ್ಲಿಷಿನಲ್ಲಿ ತಾನೇ ಬರೆದ ನಮ್ಮ ಹಳ್ಳಿ ಹುಡುಗಿ ಸಿಕ್ಕಿಬೀಳ್ತಾಳೆ, ಆಲೆಮನೆ ನೋಡದವನು ಫಸ್ಟ್ ಕ್ಲಾಸಲ್ಲಿ ಪಾಸಾಗ್ತಾನೆ. ಇಂಥ ಸಾಧನದ ಮಾತು ನಂಬಿ ಯಾವ ಮಗುವಿನ ಅಂಕವನ್ನೂ ಕಳೀಬೇಡಿ.

ವೈವಾ ಅನ್ನೋದು ಸಹಿ ಹಾಕಿ ಕಳಿಸೋ ಶಾಸ್ತ್ರ ಆಗಿರೋದೇ ಈ ಧೈರ್ಯಕ್ಕೆ ಕಾರಣ. ಕೂತು ಕೇಳಬೇಕು, ಕ್ಷೇತ್ರಕಾರ್ಯದ ನೋಟ್‌ಬುಕ್ ತರಿಸಿ ನೋಡಬೇಕು. ಪ್ರಾಜೆಕ್ಟ್ ಮಾಡ್ತಿರೋ ಹುಡುಗರೇ, ಮೊದಲು ಆಲೆಮನೆಗೆ ಹೋಗಿ, ಆ ಜನರನ್ನು ಮಾತಾಡಿಸಿ, ಹೇಳಿದ್ದನ್ನು ಹೇಳಿದ ಹಾಗೇ ಬರ್ಕೊಳ್ಳಿ. ಆಮೇಲೆ ಇಂಗ್ಲಿಷ್ ತಿದ್ದೋಕೆ ಎಐ ಬೇಕಾದರೆ ಬಳಸಿ, ಬಳಸಿದ್ದೀನಿ ಅಂತ ವರದಿಯಲ್ಲೇ ಬರೀರಿ. ಅದಕ್ಕೆ ನಾನು ಅರ್ಧ ಅಂಕವನ್ನೂ ಕಳೆಯೋದಿಲ್ಲ.