ದಮ್ಮಿನ ಮಾತ್ರೆಯೂ ನಮ್ಮಪ್ಪನ ಮರೆವೂ

ದಮ್ಮಿಗೆ ಕೊಡುವ ಮಾಂಟೆಲುಕಾಸ್ಟ್ ಮಾತ್ರೆಯಿಂದ ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ವಾಸಿಯಾಗುತ್ತದೆ ಅನ್ನುವ ಮೆಸೇಜು ಮತ್ತೆ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಹರಿಹರದಲ್ಲಿರುವ ನಮ್ಮ ಸೋದರಮಾವ ಅದನ್ನು ಕಳಿಸಿ, ಹಿಂದೆಯೇ ಫೋನೂ ಮಾಡಿದರು. "ಏನವ್ವಾ, ನಿಮ್ಮಪ್ಪಗೆ ಇದನ್ನ ಕೊಟ್ಟು ನೋಡಬಾರದೇನು? ದುಬಾರಿ ಏನಲ್ಲ, ಯಾವ ಮೆಡಿಕಲ್ ಶಾಪಿನಾಗಾದ್ರೂ ಸಿಗ್ತತಂತೆ."

"ಮಾವ, ಆ ಮಾತ್ರೆನ ಅಪ್ಪ ವರ್ಷಗಟ್ಟಲೆ ನುಂಗಿದಾರೆ" ಅಂದೆ.

"ಹಂಗಾದ್ರೆ ಈ ಸುದ್ದಿ ಸುಳ್ಳೇನು?" ಅಂದರು. ಹೌದು ಅನ್ನಲು ನನಗೆ ಬಾಯಿ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಮರೆವಿನ ಹಿರಿಯರಿರುವವರು ದಯವಿಟ್ಟು ಪೂರ್ತಿ ಓದಿ.

ಅಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದವರು. ಹತ್ತಿಯ ಧೂಳು ಕುಡಿದ ಎದೆ ಅದು. ಮಿಲ್ಲು ಮುಚ್ಚಿದ ಮೇಲೆ ನಾವಿದ್ದ ಬಾಡಿಗೆ ಮನೆ ಮಂಡಕ್ಕಿ ಭಟ್ಟಿಗಳಿಗೆ ಹತ್ತಿರವಿತ್ತು. ಗಾಳಿ ನಮ್ಮ ಕಡೆ ಬೀಸಿದ ದಿನ ಅವ್ವ ಒಣಹಾಕಿದ ಬಟ್ಟೆ ಒಳಗೆ ತರುತ್ತಿದ್ದಳು, ಅಪ್ಪ ದಮ್ಮಿನ ಪಂಪ್ (ಇನ್ಹೇಲರ್) ಹುಡುಕುತ್ತಿದ್ದರು. ಪಂಪಿನ ಜೊತೆಗೆ ರಾತ್ರಿ ಒಂದು ಮಾಂಟೆಲುಕಾಸ್ಟ್ ಮಾತ್ರೆ. ಶೀತ, ಸೀನು, ಅಲರ್ಜಿ ಅಂತ ಹೋದವರಿಗೂ ಲಿವೊಸೆಟಿರಿಜಿನ್ ಎಂಬ ಅಲರ್ಜಿ ಔಷಧದ ಜೊತೆ ಸೇರಿಸಿ ಬರೆಯುತ್ತಾರಲ್ಲ, ಅದೇ. ಈಗ ಅಪ್ಪನಿಗೆ ನಾನು ಮಗಳು ಅನ್ನುವುದು ಕೆಲವು ದಿನ ನೆನಪಿರುತ್ತದೆ, ಕೆಲವು ದಿನ ಇರುವುದಿಲ್ಲ. ಅವ್ವ ತೀರಿಕೊಂಡಿದ್ದಾಳೆ ಅನ್ನುವುದು ನೆನಪಿಲ್ಲ. ಅವಳೆಲ್ಲಿ ಅಂತ ಕೇಳುತ್ತಾರೆ. ಏನು ಉತ್ತರ ಕೊಡಬೇಕು ಅನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ.

ಮೆಸೇಜಿನ ಹಿಂದಿರುವ ವಿಜ್ಞಾನ ಹುರುಳಿಲ್ಲದ್ದಲ್ಲ. ದಮ್ಮಿನಲ್ಲಿ ಶ್ವಾಸನಾಳ ಊದಿಕೊಳ್ಳಲು, ಬಿಗಿಯಲು ಲ್ಯುಕೋಟ್ರಿಯೀನ್ ಎಂಬ ರಾಸಾಯನಿಕಗಳೂ ಒಂದು ಕಾರಣ. ಅವು ಜೀವಕೋಶಕ್ಕೆ ಅಂಟಿಕೊಳ್ಳುವ ಜಾಗವನ್ನು ಮಾಂಟೆಲುಕಾಸ್ಟ್ ಮುಚ್ಚಿಬಿಡುತ್ತದೆ. ವಯಸ್ಸಾದ ಮೆದುಳಿನಲ್ಲೂ, ಅಲ್ಝೈಮರ್ ಹಿಡಿದ ಮೆದುಳಿನಲ್ಲೂ ಉರಿಯೂತ ಇರುತ್ತದೆ, ಅಲ್ಲೂ ಈ ಲ್ಯುಕೋಟ್ರಿಯೀನ್‌ಗಳ ಕೈವಾಡವಿದೆ. 2015ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗಿನ ಲುಡ್ವಿಗ್ ಐಗ್ನರ್ ಅವರ ತಂಡ ಮುದಿ ಇಲಿಗಳಿಗೆ ಆರು ವಾರ ಮಾಂಟೆಲುಕಾಸ್ಟ್ ಕೊಟ್ಟು ನೋಡಿತು. ಮೆದುಳಿನ ಉರಿಯೂತ ತಗ್ಗಿತು, ನೆನಪಿಗೆ ಮುಖ್ಯವಾದ ಭಾಗದಲ್ಲಿ ಹೊಸ ನರಕೋಶಗಳು ಹೆಚ್ಚಿದವು, ನೀರಿನಲ್ಲಿ ದಾರಿ ಹುಡುಕುವ ಪರೀಕ್ಷೆಯಲ್ಲಿ ಆ ಇಲಿಗಳು ಎಳೆಯ ಇಲಿಗಳ ಹತ್ತಿರಕ್ಕೆ ಬಂದವು. ಪಂಪಿನಲ್ಲಿರುವ ಸಾಲ್ಬುಟಮಾಲ್ ಬಗ್ಗೆಯೂ 2020ರಲ್ಲಿ ಬ್ರಿಟನ್‌ನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬರೆದರು. ಅಲ್ಝೈಮರ್‌ನಲ್ಲಿ ನರಕೋಶದೊಳಗೆ ಗಂಟುಗಟ್ಟುವ ಟಾವ್ ಎಂಬ ಪ್ರೋಟೀನನ್ನು ಗಂಟಾಗದಂತೆ ಅದು ತಡೆಯಿತಂತೆ. ಆದರೆ ಅದು ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ. ಎದೆಗೆ ಸೇದಿಕೊಳ್ಳುವ ಪಂಪಿನ ಔಷಧ ಎದೆಯಲ್ಲೇ ಕೆಲಸ ಮಾಡಲಿ ಅಂತ ಮಾಡಿದ್ದು, ಮೆದುಳು ಮುಟ್ಟುವುದು ದೂರದ ಮಾತು.

ಹಾಗಾದರೆ ಅಪ್ಪನಿಗೆ ಯಾಕೆ ಕೆಲಸ ಮಾಡಲಿಲ್ಲ? ಈ ಪ್ರಶ್ನೆಯನ್ನು ನಾನು ಬಹಳ ದಿನ ತಲೆಯಲ್ಲಿ ಹೊತ್ತು ತಿರುಗಿದೆ. ಮಾತ್ರೆ ಇಲ್ಲದಿದ್ದರೆ ಮರೆವು ಇನ್ನೂ ಮೊದಲೇ ಬರುತ್ತಿತ್ತೋ ಏನೋ. ಇಲ್ಲ, ಮಾತ್ರೆಗೂ ಮರೆವಿಗೂ ಸಂಬಂಧವೇ ಇಲ್ಲವೋ ಏನೋ. ಮಾತ್ರೆ ನುಂಗದ ಇನ್ನೊಬ್ಬ ಅಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿ ಹೋಲಿಸಲು ಆಗುವುದಿಲ್ಲವಲ್ಲ. "ನಮ್ಮ ಅತ್ತೆಗೆ ಕೊಟ್ವಿ, ಈಗ ಗುರುತು ಹಿಡೀತಾರೆ" ಅನ್ನುವವರ ಮಾತಿಗೂ ಇಷ್ಟೇ ತೂಕ. ಈ ಕಾಯಿಲೆಯಲ್ಲಿ ಒಳ್ಳೆಯ ವಾರ, ಕೆಟ್ಟ ವಾರ ತಾವಾಗಿಯೇ ಬಂದು ಹೋಗುತ್ತವೆ. ಅದನ್ನು ದಿನಾ ನೋಡುವವರಿಗೆ ಗೊತ್ತು.

ಇಂಥದ್ದೇ ಒಂದು ಹಳೆಯ ಕಥೆಯಿದೆ, ಈ ಮೆಸೇಜು ಕಳಿಸುವವರೆಲ್ಲ ಅದನ್ನು ತಿಳಿದಿರಬೇಕು. ಡೈಮೆಬಾನ್ ಅಂತ ರಷ್ಯಾದ ಅಲರ್ಜಿ ಮಾತ್ರೆ. 2008ರಲ್ಲಿ 183 ಅಲ್ಝೈಮರ್ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಫಲಿತಾಂಶ ಎಷ್ಟು ಚೆನ್ನಾಗಿ ಬಂತೆಂದರೆ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯೇ ಅದನ್ನು ಪ್ರಕಟಿಸಿತು. ದೊಡ್ಡ ಕಂಪನಿಗಳು ಹಣ ಸುರಿದವು. 2010ರಲ್ಲಿ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂದಾಗ, ಔಷಧ ನುಂಗಿದವರಿಗೂ ಖಾಲಿ ಮಾತ್ರೆ ನುಂಗಿದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಆ ಎರಡು ವರ್ಷ ಎಷ್ಟು ಮನೆಗಳು ಆಸೆ ಇಟ್ಟುಕೊಂಡು ಕಾದಿದ್ದವೋ.

"ಉಪಯೋಗ ಆಗದಿದ್ರೆ ಹೋಗ್ಲಿ, ತೊಂದರೆ ಏನೈತಿ?" ಅಂತ ಮಾವ ಕೇಳಿದರು. ತೊಂದರೆ ಇದೆ. 2020ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾಂಟೆಲುಕಾಸ್ಟ್ ಮೇಲೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಕೆಲವರಲ್ಲಿ ಕಳವಳ, ಕೆಟ್ಟ ಕನಸು, ನಿದ್ದೆಗೇಡು, ಖಿನ್ನತೆ, ಇಲ್ಲದ್ದು ಕಾಣಿಸುವುದು, ಆತ್ಮಹತ್ಯೆಯ ಯೋಚನೆ ಕೂಡ ಬರಬಹುದು ಅಂತ. ಬರೀ ಅಲರ್ಜಿ ಮೂಗಿಗೆ ಬೇರೆ ಔಷಧವಿದ್ದರೆ ಇದನ್ನು ಕೊಡಬೇಡಿ ಅಂತಲೂ ಹೇಳಿತು. ಈಗ ಯೋಚಿಸಿ. ಮರೆವಿನ ರೋಗಿ ರಾತ್ರಿ ಎದ್ದು ಓಡಾಡುತ್ತಾನೆ, ಗೋಡೆ ಹತ್ತಿರ ಯಾರೋ ನಿಂತಿದ್ದಾರೆ ಅನ್ನುತ್ತಾನೆ. ಅದು ಕಾಯಿಲೆಯಿಂದಲೋ ಮಾತ್ರೆಯಿಂದಲೋ ಹೇಳುವವರು ಯಾರು? ಅಪ್ಪನ ರಾತ್ರಿಗಳ ಬಗ್ಗೆ ಹೇಳಿಕೊಂಡಾಗ ನಮ್ಮ ಡಾಕ್ಟರು ಆ ಮಾತ್ರೆ ನಿಲ್ಲಿಸಿ ಪಂಪಿನಲ್ಲೇ ದಮ್ಮನ್ನು ಹತೋಟಿಗೆ ತಂದರು. ಈಗ ಅಪ್ಪ ಸ್ವಲ್ಪ ಮಲಗುತ್ತಾರೆ. ಮಾತ್ರೆ ಬಿಟ್ಟಿದ್ದರಿಂದಲೇ ಹೀಗಾಯಿತು ಅಂತ ನಾನು ಹೇಳುವುದಿಲ್ಲ, ಮೇಲೆ ಬರೆದ ಕಾರಣಕ್ಕೇ. ಓದಿದವರು ದಮ್ಮಿಗೆ ನುಂಗುತ್ತಿರುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೂ ಬೇಡಿ, ದಮ್ಮು ಕೆರಳಿದರೆ ಪ್ರಾಣಕ್ಕೇ ಬರುತ್ತದೆ. ನನ್ನ ಸಿಟ್ಟಿರುವುದು ಇದು ಚಾಕೊಲೇಟಿನ ಹಾಗೆ ಡಾಕ್ಟರ ಚೀಟಿ ಇಲ್ಲದೆ ಕೈಗೆ ಸಿಗುವುದರ ಮೇಲೆ.

ಇನ್ನು ನಿಜವಾಗಿ ಹೇಳಬೇಕಾದ ಮಾತು. ಈ ಮಾತ್ರೆ ಮರೆವಿಗೆ ಆಗುತ್ತದೋ ಇಲ್ಲವೋ ಅನ್ನುವುದನ್ನು ಕಂಡುಹಿಡಿಯಲು ದಾರಿಯಿದೆ. ಸಾವಿರಾರು ರೋಗಿಗಳು, ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಅದೇ ಥರ ಕಾಣುವ ಖಾಲಿ ಮಾತ್ರೆ, ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ, ಆಮೇಲೆ ವರ್ಷಗಳ ನಿಗಾ. ಇದಕ್ಕೆ ಕೋಟಿಗಟ್ಟಲೆ ಬೇಕು. ಮಾಂಟೆಲುಕಾಸ್ಟ್‌ನ ಪೇಟೆಂಟು ಅಮೆರಿಕದಲ್ಲಿ 2012ರಲ್ಲೇ ಮುಗಿಯಿತು. ಯಾರು ಬೇಕಾದರೂ ತಯಾರಿಸಿ ಕೆಲವೇ ರೂಪಾಯಿಗೆ ಮಾರುವ ಮಾತ್ರೆಗೆ ಯಾವ ಕಂಪನಿ ಅಷ್ಟು ಹಣ ಹಾಕೀತು? ಹಾಕಿದ್ದು ಎಲ್ಲಿಗೆ ಅಂದರೆ, 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್‌ನಂಥ ಇಂಜೆಕ್ಷನ್ನುಗಳಿಗೆ. ಆಗ ಅಲ್ಲಿ ಅದಕ್ಕೆ ಇಟ್ಟಿದ್ದ ಬೆಲೆ ವರ್ಷಕ್ಕೆ 26,500 ಡಾಲರ್. ಅದೂ ಕಾಯಿಲೆಯ ಆರಂಭದಲ್ಲಿ ಮಾತ್ರ, ಇಳಿಕೆಯನ್ನು ಸ್ವಲ್ಪ ನಿಧಾನ ಮಾಡುತ್ತದೆ ಅಷ್ಟೆ. ಮೆದುಳಿನಲ್ಲಿ ಬಾವು, ರಕ್ತಸ್ರಾವ ಆಗುತ್ತಿದೆಯೇ ಅಂತ ಮತ್ತೆ ಮತ್ತೆ ಎಂಆರ್‌ಐ ಬೇರೆ. ಮಿಲ್ಲಿನ ಕಾರ್ಮಿಕನ ಮನೆ ಇದನ್ನು ಕನಸಿನಲ್ಲೂ ಮುಟ್ಟುವುದಿಲ್ಲ.

ಹಾಗಾಗಿ ಹಳೆಯ, ಅಗ್ಗದ ಔಷಧಗಳನ್ನು ಪರೀಕ್ಷಿಸುವುದು ಸರ್ಕಾರದ ಕೆಲಸ, ನಮ್ಮ ತೆರಿಗೆ ಹಣದ ಕೆಲಸ. ಆಗದ ಮಾತಲ್ಲ ಇದು. ಕೋವಿಡ್ ಕಾಲದಲ್ಲಿ ಬ್ರಿಟನ್ ಸಾರ್ವಜನಿಕ ಹಣದಲ್ಲಿ ರಿಕವರಿ ಎಂಬ ಪ್ರಯೋಗವನ್ನು 2020ರ ಮಾರ್ಚ್‌ನಲ್ಲಿ ಶುರುಮಾಡಿ, ಜೂನ್‌ನಲ್ಲಿ ಉತ್ತರ ಕೊಟ್ಟಿತು. ಡೆಕ್ಸಾಮೆಥಾಸೋನ್ ಎಂಬ ಹಳೇ ಕಾಲದ ಅಗ್ಗದ ಔಷಧ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದರಷ್ಟು ಇಳಿಸಿತು. ಅದೇ ಪ್ರಯೋಗದಲ್ಲಿ, ಜನ ಅಂಗಡಿಗೆ ಮುಗಿಬಿದ್ದು ಕೊಂಡಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಉಪಯೋಗವಿಲ್ಲ ಅನ್ನುವುದೂ ಗೊತ್ತಾಯಿತು. ಮರೆವಿನ ವಿಷಯದಲ್ಲಿ ಉತ್ತರಕ್ಕೆ ತಿಂಗಳುಗಳು ಸಾಲವು, ವರ್ಷಗಳೇ ಬೇಕು. ಹೌದು. ಆದರೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಅಲ್ಝೈಮರ್ ಕೂಡ ಸೇರಿದ ಮರೆವಿನ ಕಾಯಿಲೆಗಳು) ಇದೆ ಅಂತ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಹೇಳುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ಹಿರಿಯರ ಮೆದುಳಿಗೆ ಹೇಗೆ ಮುಪ್ಪು ಬರುತ್ತದೆ ಅಂತ ಅಧ್ಯಯನ ನಡೆಸುತ್ತಿದ್ದಾರೆ. ನಿಮ್ಹಾನ್ಸ್ ಇದೆ. ದಾವಣಗೆರೆಯಲ್ಲೇ ಎರಡು ಮೆಡಿಕಲ್ ಕಾಲೇಜುಗಳಿವೆ, ಚಿತ್ರದುರ್ಗ ಒಂದೂವರೆ ಗಂಟೆಯ ದಾರಿ. ದಮ್ಮಿಗಂತೂ ಇಲ್ಲಿ ಬರವಿಲ್ಲ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮನಸ್ಸು ಮಾಡಿದರೆ ಇಲ್ಲೇ ಪ್ರಯೋಗ ನಡೆಸಬಹುದು.

ಹಾಂ, ದಮ್ಮು ಅಂದಾಗ ನೆನಪಾಯಿತು. 2020ರಿಂದ ಅದೇ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಷಿಯಾದ ಅಪಾಯ ಹೆಚ್ಚಿಸುವ ಸಂಗತಿಗಳ ಪಟ್ಟಿಯಲ್ಲಿ ಕೆಟ್ಟ ಗಾಳಿಯನ್ನೂ ಸೇರಿಸಿದೆ. ಭಟ್ಟಿಯ ಹೊಗೆಯನ್ನು ನಾವು ಬರೀ ಎದೆಯ ಲೆಕ್ಕದಲ್ಲಿ ನೋಡುತ್ತಾ ಬಂದೆವು. ಮಂಡಕ್ಕಿ ಹುರಿಯುವವರ ಹೊಟ್ಟೆಪಾಡು ನನಗೆ ಗೊತ್ತು, ಭಟ್ಟಿ ಮುಚ್ಚಿ ಅನ್ನುವುದಿಲ್ಲ. ಹೊಗೆ ಕಮ್ಮಿಯಾಗುವ ಒಲೆಗೆ ಸಹಾಯಧನ ಕೊಡಿ ಅನ್ನುತ್ತೇನೆ.

ಮಾತ್ರೆ ಹುಡುಕುವ ಮುಂಚೆ ಮಾಡಿಸಬೇಕಾದ್ದು ಬೇರೆ ಇದೆ. ಬಿ12, ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ, ಈ ಕೊರತೆಗಳಿಂದ ಬಂದ ಮರೆವು ಎಷ್ಟೋ ಸಲ ಸರಿಹೋಗುತ್ತದೆ. ಕಿವಿ ಕೇಳಿಸುತ್ತದೆಯೇ ನೋಡಿ. ಬಿಪಿ, ಸಕ್ಕರೆ ನೋಡಿ. "ಅರವತ್ತಕ್ಕೆ ಅರಳು ಮರಳು" ಅಂತ ಮೂಲೆಗೆ ಕೂರಿಸಬೇಡಿ.

ಪ್ರಯೋಗಕ್ಕೆ ಜನ ಸಿಗುವುದಿಲ್ಲ, "ನಮ್ಮನ್ನ ಇಲಿ ಮಾಡ್ತಾರೆ" ಅಂತ ಹೆದರುತ್ತಾರೆ ಅಂತ ಕೆಲವರು ಹೇಳುತ್ತಾರೆ. ಹೆದರಿಕೆ ಸುಮ್ಮನೆ ಬಂದದ್ದಲ್ಲ, ಸರಿಯಾಗಿ ತಿಳಿಸಿ ಹೇಳದೆ ಸಹಿ ಹಾಕಿಸಿಕೊಳ್ಳುವ ಚಾಳಿ ಈ ದೇಶದಲ್ಲಿ ಇತ್ತು. ಅಪ್ಪನಂಥವರು ಒಪ್ಪಿಗೆಯನ್ನೂ ತಾವೇ ಕೊಡಲಾರರು, ಮನೆಯವರು ಕೊಡಬೇಕು, ಅದು ಭಾರದ ಕೆಲಸ. ಆದರೂ ಸರ್ಕಾರಿ ಹಣದಲ್ಲಿ, ನೋಂದಣಿಯಾಗಿ, ಫಲಿತಾಂಶ ಒಳ್ಳೆಯದಿರಲಿ ಕೆಟ್ಟದ್ದಿರಲಿ ಬಹಿರಂಗ ಮಾಡುತ್ತೇವೆ ಅನ್ನುವ ಪ್ರಯೋಗ ದಾವಣಗೆರೆಗೆ ಬಂದರೆ, ಡಾಕ್ಟರು ಅಪ್ಪನಿಗೆ ಆಗಬಹುದು ಅಂದರೆ, ನಾನು ಸಹಿ ಹಾಕುತ್ತೇನೆ. ಚೀಟಿಯಲ್ಲಿ ಅವರಿಗೆ ಖಾಲಿ ಮಾತ್ರೆ ಬಂದರೂ ಸರಿ. ಮಾವನಿಗೂ ಇದನ್ನೇ ಹೇಳಿದ್ದೇನೆ, ಅವರು ಇನ್ನೂ ಒಪ್ಪಿಲ್ಲ.