ಮೂರನೇ ಕೃಷ್ಣನಿಗೆ ಒಂದು ಶಾಲು

ಊರಿಂದ ನಾಟಕದ ಕರಪತ್ರ ವಾಟ್ಸಾಪಿಗೆ ಬಂದಿದೆ. ಮೇಲೆ ಗ್ರಾಮದೇವತೆ, ಕೆಳಗೆ ಸಾಲುಸಾಲಾಗಿ ನಗುವ ಮುಖಗಳು. ದಿವ್ಯ ಸಾನ್ನಿಧ್ಯ, ಉದ್ಘಾಟನೆ, ಜ್ಯೋತಿ ಬೆಳಗುವವರು, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಬರೀ ಅತಿಥಿಗಳು. ಒಟ್ಟು 43 ಜನ. ಎರಡು ಸಲ ಎಣಿಸಿದೆ, ಬೇರೆ ಕೆಲಸ ಇರಲಿಲ್ಲ. ನಾಟಕದ ಹೆಸರು ಹುಡುಕಲು ಬೆರಳಲ್ಲಿ ಹಿಗ್ಗಿಸಬೇಕಾಯಿತು. ಸಿಕ್ಕಿತು. ಪ್ರೆಸ್ಸಿನವರ ಫೋನ್ ನಂಬರಿನ ಮೇಲೆ, ಶಾಮಿಯಾನದವರ ಜಾಹೀರಾತಿನ ಪಕ್ಕ: ‘ಕುರುಕ್ಷೇತ್ರ ಎಂಬ ಪೌರಾಣಿಕ ನಾಟಕ, ರಾತ್ರಿ 8.30ಕ್ಕೆ ಸರಿಯಾಗಿ.’

ಈ ‘ಸರಿಯಾಗಿ’ ಅನ್ನುವ ಪದವನ್ನು ಕಂಡುಹಿಡಿದವರು ಯಾರೋ, ಅವರಿಗೂ ಒಂದು ಶಾಲು ಹೊದಿಸಬೇಕು. ನಮ್ಮ ಕಡೆ 8.30ಕ್ಕೆ ಅಂದರೆ 9 ಗಂಟೆ. 8.30ಕ್ಕೆ ಸರಿಯಾಗಿ ಅಂದರೆ 11.

ನಮ್ಮದು ತುಮಕೂರು ಸೀಮೆ. ಇಲ್ಲಿ ಸುಗ್ಗಿ ಮುಗಿದರೆ ನಾಟಕದ ಕಾಲ. ಸಂಕ್ರಾಂತಿ ಕಳೆದು ಮುಂಗಾರು ಬೀಳುವವರೆಗೆ, ಒಂದಲ್ಲ ಒಂದು ಊರಿನಲ್ಲಿ ದುರ್ಯೋಧನ ತೊಡೆ ಮುರಿಸಿಕೊಳ್ಳುತ್ತಲೇ ಇರುತ್ತಾನೆ. ವಿದೇಶದಲ್ಲಿ ಮಾತಿನ ನಾಟಕ ಬೇರೆ, ಹಾಡಿನ ನಾಟಕ ಬೇರೆ ಅಂತ ಟಿಕೆಟ್ಟೂ ಬೇರೆ ಮಾಡುತ್ತಾರಂತೆ. ನಮಗೆ ಆ ಭೇದ ಇಲ್ಲ. ನಮ್ಮಲ್ಲಿ ಒಂದು ಸಾಲು ಮಾತು, ನಾಲ್ಕು ಸಾಲು ಕಂದಪದ್ಯ, ಮೇಲೊಂದು ಆಲಾಪ. ತೊಡೆ ಮುರಿದು ಬಿದ್ದವನೂ ಹಾಡಿಯೇ ಸಾಯಬೇಕು. ಉಸಿರು ಚೆನ್ನಾಗಿದ್ದರೆ ಯಾರಾದರೂ ‘ವನ್ಸ್ ಮೋರ್’ ಅಂತಾರೆ. ಆಗ ಎದ್ದು ಇನ್ನೊಂದು ಸಲ ಸಾಯಬೇಕು.

ಬೆಂಗಳೂರಿನ ನನ್ನ ಸಹೋದ್ಯೋಗಿಯೊಬ್ಬ ಕೇಳಿದ, ‘ಪಾರ್ಟು ಮಾಡಿದರೆ ದುಡ್ಡು ಕೊಡ್ತಾರಾ?’ ಕೊಡ್ತಾರೆ ಅಂದೆ. ಪಾರ್ಟು ಮಾಡುವವನೇ ಕೊಡ್ತಾನೆ. ಅವನಿಗೆ ಅರ್ಥವಾಗಲಿಲ್ಲ. ನಮ್ಮೂರಲ್ಲಿ ಈ ಸಲ ದುರ್ಯೋಧನನಿಗೆ 50,000, ಮೊದಲನೇ ಕೃಷ್ಣನಿಗೆ 40,000. ಶಕುನಿಗೆ ಚೌಕಾಸಿ ನಡೆಯಿತು, ಪಾತ್ರಕ್ಕೆ ತಕ್ಕ ಹಾಗೆ. ಭೀಮನಿಗೆ ಕಡಿಮೆ, ಯಾಕಂದರೆ ಹಾಡು ಕಡಿಮೆ, ಗದೆ ಜಾಸ್ತಿ. ದ್ವಾರಪಾಲಕ ಪುಕ್ಕಟೆ.

‘ಮೊದಲನೇ ಕೃಷ್ಣ’ ಅಂದೆನಲ್ಲ. ಕೃಷ್ಣನ ಪಾರ್ಟು ಕೇಳುವವರು ಜಾಸ್ತಿ, ಕೃಷ್ಣ ಒಬ್ಬನೇ. ಅದಕ್ಕೆ ದೇವರನ್ನೇ ಪಾಲು ಮಾಡಿ ಹಂಚುತ್ತೇವೆ. ಶಯ್ಯಾಗೃಹದ ಕೃಷ್ಣ ಒಬ್ಬ, ಸಂಧಾನದ ಕೃಷ್ಣ ಒಬ್ಬ, ಯುದ್ಧದ ಕೃಷ್ಣ ಇನ್ನೊಬ್ಬ. ಒಬ್ಬ ಎಣ್ಣೆಗೆಂಪು, ಒಬ್ಬ ಕಪ್ಪು, ಒಬ್ಬನಿಗೆ ಹೊಟ್ಟೆ. ಸಂಧಾನಕ್ಕೆ ಹೋಗಿ ಬರುವಷ್ಟರಲ್ಲಿ ಪರಮಾತ್ಮ ಅರ್ಧ ಅಡಿ ಗಿಡ್ಡ ಆಗಿರುತ್ತಾನೆ. ಯಾರೂ ಕೇಳುವುದಿಲ್ಲ. ವಿಶ್ವರೂಪ ಅಂದರೆ ಇದೇ ಅಲ್ವಾ?

ನಮ್ಮಕ್ಕನ ಮಗ ಈ ಸಲ ಮೂರನೇ ಕೃಷ್ಣ. ಅವನದು ಮೋಟಾರ್ ರೀವೈಂಡಿಂಗ್ ಅಂಗಡಿ. 25,000 ಕೊಟ್ಟು ಗೀತೋಪದೇಶದ ಮೂರು ಕಂದ, ಒಂದು ಹಾಡು ಪಡೆದಿದ್ದಾನೆ. ನಾಲ್ಕು ತಿಂಗಳು ಅಭ್ಯಾಸ. ತಾಮ್ರದ ತಂತಿ ಸುತ್ತುತ್ತಾ ಸುತ್ತುತ್ತಾ ಮೋಹನ ರಾಗ ಎಳೆಯುತ್ತಿದ್ದನಂತೆ. ಸುತ್ತಿನ ಲೆಕ್ಕ ತಪ್ಪಿ ಎರಡು ಮೋಟಾರು ಸುಟ್ಟವು. ಪಕ್ಕದ ತಾಲ್ಲೂಕಿನಿಂದ ನಾಟಕದ ಮೇಷ್ಟ್ರು ಬೈಕಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದರು. ಪಾಠ ರಾತ್ರಿ ಎಂಟರ ಮೇಲೆ. ಹತ್ತೂವರೆಗೆ ತ್ರೀ ಫೇಸ್ ಕರೆಂಟು ಬಂದರೆ ಮುಗಿಯಿತು, ಭೀಮ, ಅರ್ಜುನ, ಅಭಿಮನ್ಯು ಎಲ್ಲರೂ ಮೋಟಾರು ಹಾಕಲು ತೋಟಕ್ಕೆ ಓಟ. ಮೇಷ್ಟ್ರು ಒಬ್ಬರೇ ಪೆಟ್ಟಿಗೆ ಮುಂದೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ದುಡಿದು ಬಂದವರು ನಿದ್ದೆ ಬಿಟ್ಟು ಕಂದ ಕಲಿಯುವುದನ್ನು ನೋಡಿದರೆ ನನಗೆ ನಿಜಕ್ಕೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಹಾಗೆ ಕಲಿತವರ ಮುಂದೆ ಬರುತ್ತದೆ ಸಭಾ ಕಾರ್ಯಕ್ರಮ.

ಕಳೆದ ವರ್ಷದ್ದು ಹೇಳುತ್ತೇನೆ. ವೇದಿಕೆ ಮೇಲೆ 27 ಕುರ್ಚಿ. ಹಿಂದೆ ಅರಮನೆಯ ಸೀನು, ಅದಕ್ಕೆ ಅಡ್ಡಲಾಗಿ ಫ್ಲೆಕ್ಸು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ. ನಿರೂಪಕ ಒಬ್ಬೊಬ್ಬರ ಹೆಸರಿಗೂ ಒಂದೊಂದು ಚುಟುಕ ಕಟ್ಟಿಕೊಂಡು ಬಂದಿದ್ದ. ಮುಖ್ಯ ಅತಿಥಿ ಬರುವುದು ತಡ ಅಂತ ಬಂದವರಿಗೆ ಮೊದಲ ಕಂತಿನ ಸನ್ಮಾನ. ಅವರು ಬಂದ ಮೇಲೆ ಅವರ ಕೈಯಿಂದ ಆಗಲಿ ಅಂತ ಅದೇ ಜನಕ್ಕೆ ಎರಡನೇ ಕಂತು. ಬಂದವರು ‘ಎರಡೇ ಮಾತು ಆಡ್ತೀನಿ’ ಅಂದರು. ಯಾವ ಎರಡು ಅಂತ ಹುಡುಕಲು ಮುಕ್ಕಾಲು ಗಂಟೆ ತೆಗೆದುಕೊಂಡರು. ಕಲೆ ಉಳೀಬೇಕು, ಕಲಾವಿದರು ಉಳೀಬೇಕು, ಮೊಬೈಲಿಂದ ನಾಟಕ ಹಾಳಾಯ್ತು. ಹಾಗಂದವರ ಜೇಬಲ್ಲೇ ಮೊಬೈಲು ಎರಡು ಸಲ ಹೊಡೆದುಕೊಂಡಿತು. ಕೊನೆಗೆ, ‘ನನಗೆ ಇನ್ನೂ ಮೂರು ಕಡೆ ಪ್ರೋಗ್ರಾಂ ಇದೆ, ನಾಟಕ ನೋಡೋ ಭಾಗ್ಯ ಇಲ್ಲ, ತಪ್ಪು ತಿಳ್ಕೋಬೇಡಿ.’ ಎದ್ದರು. ಅವರ ಜೊತೆ ವೇದಿಕೆ ಎದ್ದಿತು, ವೇದಿಕೆ ಜೊತೆ ಮುಂದಿನ ಮೂರು ಸಾಲು ಎದ್ದಿತು. ಆಮೇಲೆ ನಾಟಕ.

ಶಾಲಿನ ಬಗ್ಗೆ ಸ್ವಲ್ಪ ಮಾತಾಡಬೇಕು. ಈ ಶಾಲು ಚಳಿಗೆ ಆಗುವುದಿಲ್ಲ, ಸೆಕೆಗೆ ಮೊದಲೇ ಆಗುವುದಿಲ್ಲ. ಹೊದ್ದುಕೊಂಡು ನಾಲ್ಕು ಹೆಜ್ಜೆ ನಡೆದರೆ ಜಾರುತ್ತದೆ. ಒಗೆದರೆ ಪಕ್ಕದ ಬಟ್ಟೆಗೆಲ್ಲ ಬಣ್ಣ ದಾನ ಮಾಡುತ್ತದೆ. ನಮ್ಮ ಮನೆಯಲ್ಲಿ ಒಂದು ಮಿಕ್ಸಿ ಮೇಲಿದೆ, ಒಂದು ಅಕ್ಕಿ ಚೀಲದ ಮೇಲಿದೆ. ಎರಡು ವರ್ಷದ ಹಿಂದೆ ನನಗೆ ಹೊದಿಸಿದ್ದನ್ನು ಮನೆಗೆ ತಂದು ಬಿಚ್ಚಿದರೆ ಒಳಗೆ ಬೇರೊಂದು ಊರಿನ ಹಾಲಿನ ಸಂಘದ ಚೀಟಿ. ಅಂದರೆ ಅದು ಅಲ್ಲಿ ಯಾರನ್ನೋ ಸನ್ಮಾನಿಸಿ, ಮಡಿಸಿಕೊಂಡು, ನನ್ನ ಹತ್ತಿರ ಬಂದಿತ್ತು. ನಾನೂ ಅದನ್ನು ತಡೆಯಲಿಲ್ಲ, ಗೃಹಪ್ರವೇಶವೊಂದಕ್ಕೆ ಒಯ್ದು ಕೊಟ್ಟೆ. ನಮ್ಮ ಜಿಲ್ಲೆಯಲ್ಲಿ ಹೊಸ ಶಾಲು ತಯಾರಾಗಿ ಎಷ್ಟು ಕಾಲವಾಯಿತೋ. ಇರುವವೇ ಸುತ್ತುತ್ತಿರಬೇಕು. ಇನ್ನು ಮೈಸೂರು ಪೇಟ. ಅದನ್ನು ಒಂದೇ ತಲೆಯ ಅಳತೆಗೆ ಮಾಡಿದ್ದಾರೆ, ಆ ತಲೆ ಯಾರದು ಅಂತ ಇನ್ನೂ ಸಿಕ್ಕಿಲ್ಲ. ಉಳಿದವರಿಗೆಲ್ಲ ಕಣ್ಣು ಮುಚ್ಚುತ್ತದೆ. ಆ ಸಮಯಕ್ಕೇ ಫೋಟೋ.

ಗುಬ್ಬಿ ಇಲ್ಲೇ ನಮ್ಮ ಪಕ್ಕ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ನಾಡನ್ನೆಲ್ಲ ಸುತ್ತಿತು. ಅದರ ಒಡೆಯರಾಗಿದ್ದ ಗುಬ್ಬಿ ವೀರಣ್ಣನವರು ಕುರುಕ್ಷೇತ್ರಕ್ಕೆ ನಿಜವಾದ ಆನೆಯನ್ನೇ ರಂಗಕ್ಕೆ ತಂದವರು. ಮುಂದೆ ದೊಡ್ಡ ರಂಗನಿರ್ದೇಶಕರಾದ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಬಂದು ಸೇರಿದ್ದು ಇದೇ ಕಂಪನಿಗೆ. ಆ ಪರಂಪರೆಯನ್ನು ನಾವು ಬಿಟ್ಟಿಲ್ಲ. ಅವರು ಆನೆ ತಂದರು, ನಾವು 27 ಜನ ಗಣ್ಯರನ್ನು ತಂದೆವು. ತೂಕ ಹಾಕಿದರೆ ನಮ್ಮದೇನೂ ಕಡಿಮೆ ಆಗಲಿಕ್ಕಿಲ್ಲ. ಒಂದೇ ವ್ಯತ್ಯಾಸ, ಆನೆ ಮಾತಾಡುತ್ತಿರಲಿಲ್ಲ.

ಬೆಂಗಳೂರಿನ ರಂಗಶಂಕರ ಅನ್ನುವ ನಾಟಕಮಂದಿರದ ವಿಷಯ ನಿಮಗೆ ಗೊತ್ತು. 2004ರಲ್ಲಿ ಶುರುವಾದದ್ದು, ಶಂಕರನಾಗ್ ನೆನಪಿಗೆ ಅರುಂಧತಿ ನಾಗ್ ಕಟ್ಟಿಸಿದ್ದು. ಅಲ್ಲಿ ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಹೊರಗೆ ನಿಂತು ಸಾಬುದಾನಿ ವಡೆ ತಿನ್ನಬಹುದು, ಅಷ್ಟೇ. ಈ ನಿಯಮವನ್ನು ನಮ್ಮೂರಿಗೂ ತರೋಣ ಅಂತ ನಾಟಕದ ಕಮಿಟಿ ಸಭೆಯಲ್ಲಿ ಹೇಳಿದೆ. ‘ಬಾಗಿಲು ಎಲ್ಲೈತೆ ಹಾಕಕ್ಕೆ?’ ಅಂತ ಒಬ್ಬರು ಕೇಳಿದರು. ಶಾಮಿಯಾನ ತಾನೇ. ಇನ್ನೊಬ್ಬರು ಇನ್ನೂ ಆಳಕ್ಕೆ ಹೋದರು. ‘ಲೇಟಾಗಿ ಬರೋರು ಅಂದ್ರೆ ಮುಖ್ಯ ಅತಿಥಿಗಳೇ ಕಣಣ್ಣ. ಅವ್ರನ್ನ ವಡೆ ತಿನ್ನಿ ಅಂತ ಹೊರಗೆ ನಿಲ್ಸಕ್ ಆಗ್ತದಾ?’ ಅಲ್ಲಿಗೆ ಬಿಟ್ಟೆ.

ಕಾನೂನಿನ ತಮಾಷೆ ಬೇರೆ. ಶಬ್ದಮಾಲಿನ್ಯದ ನಿಯಮ ಬಂದದ್ದು 2000ದಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಅಂತ ಸರ್ಕಾರ ಮನಸ್ಸು ಮಾಡಿದರೆ ವರ್ಷಕ್ಕೆ 15 ದಿನ ಮೀರದಂತೆ, ರಾತ್ರಿ 12ರವರೆಗೆ ಸಡಿಲಿಸಬಹುದು. ಒಳ್ಳೆಯ ನಿಯಮವೇ, ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ, ಕಾಯಿಲೆಯವರಿರುತ್ತಾರೆ. ಆದರೆ ನಮ್ಮೂರಲ್ಲಿ ಇದರ ಲೆಕ್ಕ ಹೇಗಾಗುತ್ತದೆ ನೋಡಿ. ಕಾನೂನು ಒಪ್ಪುವ ಹೊತ್ತೆಲ್ಲ ಭಾಷಣಕ್ಕೆ ಹೋಗುತ್ತದೆ. ನಾಟಕಕ್ಕೆ ಉಳಿಯುವುದು ಕಳ್ಳ ಹೊತ್ತು. ಭಾಷಣ ನಡೆಯುವಾಗ ಪೊಲೀಸಿನವರು ಬಂದೋಬಸ್ತಿಗೆ ನಿಂತಿರುತ್ತಾರೆ. ಕೃಷ್ಣ ಬಾಯಿ ಬಿಟ್ಟ ಕೂಡಲೇ ಅದೇ ಪೊಲೀಸಿನವರು ‘ಸೌಂಡ್ ಕಮ್ಮಿ ಮಾಡ್ರಪ್ಪ’ ಅನ್ನುತ್ತಾರೆ. ದೂತರು ಬಂದರೆ ಮರ್ಯಾದೆ ಕೊಡಬೇಕು ಅಂತ ಸಂಧಾನದ ಸೀನಿನಲ್ಲೇ ಇದೆ, ಆದರೂ.

ನಗುವುದು ಸಾಕು. ಸ್ಟೇಜಿನ ಹಿಂದಕ್ಕೆ ಬನ್ನಿ.

ಹಿಂದೆ ಶಾಲೆಯ ಒಂದು ಕೊಠಡಿ. ಅದೇ ಬಣ್ಣದ ಮನೆ. ಬೆಂಚು ಜೋಡಿಸಿ ಅದರ ಮೇಲೆ ಕಿರೀಟ, ಗದೆ, ಮೀಸೆ. ಮೂಲೆಯಲ್ಲಿ ಒಂದು ಟ್ರಂಕು, ಟ್ರಂಕಿನ ಪಕ್ಕ ದ್ರೌಪದಿ. ಊರಿನವರು ಪಾರ್ಟು ಮಾಡಲು ದುಡ್ಡು ಕೊಟ್ಟರೆ ಇವರು ದುಡ್ಡಿಗೆ ಪಾರ್ಟು ಮಾಡುವವರು. ಈ ಗುಂಪಿನಲ್ಲಿ ನಟನೆ ಕಸುಬಾಗಿರುವುದು ಇವರಂಥ ಇಬ್ಬರು ಮೂವರಿಗೆ ಮಾತ್ರ. ಸೀರೆ ಅವರದೇ, ಒಡವೆ ಅವರದೇ. ಒಂದೇ ರಾತ್ರಿ ದ್ರೌಪದಿ, ಕುಂತಿ ಎರಡೂ ಅವರೇ. ಮಾತು ಮರೆತ ಭೀಮನಿಗೆ ಅಳುತ್ತಲೇ ಮೆಲ್ಲಗೆ ಮಾತು ಹೇಳಿಕೊಡುವವರೂ ಅವರೇ. ಸಂಜೆ ನಾಲ್ಕರ ಬಸ್ಸಿಗೆ ಬಂದಿದ್ದರು. ಏಳಕ್ಕೆ ಬಣ್ಣ ಹಚ್ಚಿಕೊಂಡು ಕೂತರು. ಅವರ ಮೊದಲ ಸೀನು ಬಂದಾಗ ರಾತ್ರಿ ಎರಡು ಗಂಟೆ.

ಶೌಚಾಲಯಕ್ಕೆ ಬೀಗ. ಬೀಗದ ಕೈ ಯಾರ ಹತ್ತಿರ? ಒಬ್ಬರು ಇನ್ನೊಬ್ಬರ ಹೆಸರು ಹೇಳಿದರು. ಆ ಇನ್ನೊಬ್ಬರು ವೇದಿಕೆ ಮೇಲಿದ್ದರು, ಪೇಟ ಹಾಕಿಕೊಂಡು. ಕೆಳಗಿಂದ ಕೈ ಸನ್ನೆ ಮಾಡಿದರೆ ತಮಗೆ ನಮಸ್ಕಾರ ಅಂತ ತಿಳಿದು ವಾಪಸ್ ನಮಸ್ಕಾರ ಮಾಡಿದರು. ಕೊನೆಗೆ ಆ ಹೆಣ್ಣುಮಗಳು ದ್ರೌಪದಿಯ ವೇಷದಲ್ಲೇ ಮೊಬೈಲ್ ಟಾರ್ಚು ಹಿಡಿದು ಕತ್ತಲೆಯಲ್ಲಿ ಹುಣಸೆ ತೋಪಿನ ಕಡೆ ಹೋಗಿ ಬಂದರು. ಆ ಹೊತ್ತಿಗೆ ಮೈಕಿನಲ್ಲಿ ದ್ರೌಪದಿಯ ಮಾನದ ಬಗ್ಗೆಯೇ ಭಾಷಣ. ಸುಮ್ನೆ ಹೇಳುತ್ತಿಲ್ಲ, ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. 27 ಜನಕ್ಕೆ ಶಾಲು ತರುವ ನಮಗೆ ಒಂದು ಬೀಗ ತೆಗೆಸುವ ಯೋಗ್ಯತೆ ಇಲ್ಲ. ನನಗೂ ಇರಲಿಲ್ಲ. ನಾನೂ ಆವತ್ತು ಶಾಲು ಹೊದ್ದು ನಿಂತಿದ್ದವನೇ. ಥೂ.

ಒಂದು ವರ್ಷ ಮಾತ್ರ ನಮ್ಮೂರ ನಾಟಕ 8.30ಕ್ಕೆ ಸರಿಯಾಗಿ 8.30ಕ್ಕೇ ಶುರುವಾಯಿತು. 2023. ಆ ಸಲ ಮಾರ್ಚ್ 29ಕ್ಕೇ ನೀತಿ ಸಂಹಿತೆ ಬಂತು, ಮೇ 10ಕ್ಕೆ ವಿಧಾನಸಭೆ ಚುನಾವಣೆ. ನಮ್ಮ ಜಾತ್ರೆ ನಡುವೆ ಸಿಕ್ಕಿಕೊಂಡಿತು. ಫ್ಲೆಕ್ಸ್ ಇಲ್ಲ, ಗಣ್ಯರಿಲ್ಲ, ವೇದಿಕೆ ಮೇಲೆ ಅರಮನೆ ಪೂರ್ತಿ ಕಾಣುತ್ತಿತ್ತು. ಅರಮನೆಗೆ ಬಲಗಡೆ ಒಂದು ಕಿಟಕಿ ಇದೆ ಅಂತ ನನಗೆ ಗೊತ್ತಾದದ್ದೇ ಆವತ್ತು. ಮಕ್ಕಳು ಎಚ್ಚರ ಇರುವಾಗಲೇ ಪಗಡೆಯಾಟ ಮುಗಿಯಿತು. ಮುದುಕಿಯರು ಕಣ್ಣೊರೆಸಿಕೊಂಡರು. ಚುನಾವಣಾ ಆಯೋಗದಷ್ಟು ಕನ್ನಡ ರಂಗಭೂಮಿಗೆ ಸಹಾಯ ಮಾಡಿದವರು ಇನ್ನೊಬ್ಬರಿಲ್ಲ ಅಂತ ನಾನು ಆವತ್ತೇ ತೀರ್ಮಾನಿಸಿದೆ. ಒಂದು ತೊಂದರೆ ಆಯಿತು. ಗಣ್ಯರಿಲ್ಲ ಅಂದ ಮೇಲೆ ಗಣ್ಯರ ಚಂದಾವೂ ಇಲ್ಲ. ಸೀನರಿಯವರಿಗೆ ಬಾಕಿ ಉಳಿಯಿತು. ಆಮೇಲೆ ಮತ್ತೆ ಎಲ್ಲರನ್ನೂ ಕರೆದೆವು, ಬಡ್ಡಿ ಸಮೇತ.

ಕಳೆದ ವರ್ಷಕ್ಕೇ ವಾಪಸ್ ಬರೋಣ. ಬೆಳಿಗ್ಗೆ ನಾಲ್ಕೂವರೆಗೆ ಇನ್ನೂ ಅಭಿಮನ್ಯು ಬದುಕಿದ್ದ. ಬೆಳಕು ಹರಿದರೆ ನಾಟಕಕ್ಕೆ ಕಳೆ ಇರುವುದಿಲ್ಲ, ಡೇರಿಗೆ ಹಾಲು ಹಾಕಲು ಜನ ಏಳುತ್ತಾರೆ. ಮೇಷ್ಟ್ರು ಪೆಟ್ಟಿಗೆಯಿಂದಲೇ ಕೈ ಬೀಸಿ ಬೀಸಿ ಓಡಿಸಿದರು. ಹದಿನೆಂಟು ದಿನದ ಯುದ್ಧ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಭೀಷ್ಮ ಬಾಣದ ಮಂಚದ ಮೇಲೆ ಮಲಗಿ ಹಾಡುವುದಕ್ಕೆ ಮೊದಲೇ ಮಂಚ ಎತ್ತಿದರು. ದುರ್ಯೋಧನ ತೊಡೆ ಮುರಿದು ಬಿದ್ದಾಗ ಬಿಸಿಲು ಬಂದಿತ್ತು. 45,000 ಕೊಟ್ಟು ಸಾಯಲು ಬಂದವನ ಮುಂದೆ ಇದ್ದವರು ಅವನ ಹೆಂಡತಿ, ಎರಡು ನಾಯಿ, ಕುರ್ಚಿ ಎಣಿಸಲು ಬಂದ ಶಾಮಿಯಾನದ ಹುಡುಗ. ಆ ಹುಡುಗನೇ ‘ವನ್ಸ್ ಮೋರ್’ ಅಂದ. ಪಾಪ, ದುರ್ಯೋಧನ ಎದ್ದು ಇನ್ನೊಂದು ಸಲ ಬಿದ್ದ.

ಆ ಸಲ ಗೀತೋಪದೇಶ ಪೂರ್ತಿ ಹಾರಿಹೋಯಿತು. ಈ ಸಲವೂ ನಮ್ಮಕ್ಕನ ಮಗನ ಮೂರು ಕಂದಕ್ಕೆ ಅದೇ ಗತಿ ಅನ್ನುವುದು ಕರಪತ್ರದ 43 ಮುಖ ನೋಡಿದರೇ ಗೊತ್ತಾಗುತ್ತದೆ. ನಿನ್ನೆ ಫೋನ್ ಮಾಡಿದ್ದ.

‘ಮಾವ, ಕರಪತ್ರ ನೋಡಿದ್ಯಾ?’

‘ನೋಡ್ದೆ ಕಣೋ. ನಿಂದು ಎಷ್ಟು ಗಂಟೆಗೆ ಬರುತ್ತೆ?’

‘ಮೇಷ್ಟ್ರು ಆರಕ್ಕೆ ಅಂತಾರೆ. ಬೆಳಿಗ್ಗೆ ಆರಕ್ಕೆ.’

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಅಂಗಡಿಯಲ್ಲಿ ಯಾವುದೋ ಮೋಟಾರು ಗುಂಯ್‌ಗುಡುತ್ತಿತ್ತು.

‘ಅದಕ್ಕೇ ಒಂದು ವಿಚಾರ ಮಾಡಿದೀನಿ ಮಾವ. ನೀನು ಕಮಿಟಿಯೋರ ಹತ್ರ ಮಾತಾಡು. ಈ ಪಾರ್ಟು ಯಾರಿಗಾದ್ರೂ ಕೊಟ್ಕೊಳ್ಲಿ. ನನಗೆ ಅದೇ ದುಡ್ಡಿಗೆ ಸ್ವಾಗತ ಭಾಷಣ ಕೊಡ್ತಾರಾ ಕೇಳು. ಜಾಸ್ತಿ ಆದ್ರೂ ಪರವಾಗಿಲ್ಲ.’